ಅಕ್ಕನಿಗೆ ಬಸ್ಸು ಪುಕ್ಕಟೆ

ಪುಕ್ಕಟೆ ಎಂದರೆ ನನಗೆ ಪ್ರಾಣ. ಮದುವೆಮನೆಯ ತಾಂಬೂಲದ ತೆಂಗಿನಕಾಯಿಯಿಂದ ಹಿಡಿದು ಔಷಧಿ ಅಂಗಡಿಯವರು ಹಂಚುವ ಕ್ಯಾಲೆಂಡರಿನವರೆಗೆ, ಕಾಸಿಲ್ಲದೆ ಸಿಗುವ ಯಾವುದನ್ನೂ ಬೇಡವೆಂದ ನೆನಪು ನನಗಿಲ್ಲ. ನನ್ನ ಹೆಂಡತಿ ಇದನ್ನು ಜಿಪುಣತನ ಎನ್ನುತ್ತಾಳೆ, ನಾನು ಲೆಕ್ಕಾಚಾರ ಎನ್ನುತ್ತೇನೆ. ನನಗೆ ಎರಡು ವರ್ಷವಿದ್ದಾಗ ಬಂದ ಜ್ವರವೊಂದು ಎರಡೂ ಕಾಲುಗಳ ಬಲವನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಯಿತು. ಅಂದಿನಿಂದ ಲೋಕದ ಕಡೆಯಿಂದ ಏನಾದರೂ ಬಿಟ್ಟಿ ಬಂದರೆ ಅದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡು ನಾಚಿಕೆಯಿಲ್ಲದೆ ಜೇಬಿಗೆ ಹಾಕಿಕೊಳ್ಳುತ್ತೇನೆ.

ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ನನ್ನ ಕಸುಬು. ಊರವರ ಕಷ್ಟಗಳನ್ನೆಲ್ಲ ‘ಕಡುಬಡವನಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಡುತ್ತೇನೆ. ಬಲಗಾಲಿಗೆ ಕಬ್ಬಿಣದ ಪಟ್ಟಿ, ಎರಡು ಕಂಕುಳಿಗೂ ಒಂದೊಂದು ಕೋಲು, ಇಷ್ಟಿದ್ದರೆ ಮನೆಯಿಂದ ಮೇಜಿನವರೆಗೆ ನಾನು ಯಾರಿಗೂ ಕಡಿಮೆಯಿಲ್ಲ. ತೊಂದರೆ ಶುರುವಾಗುವುದು ತಿಂಗಳಿಗೊಮ್ಮೆ ಚಾಮರಾಜನಗರದ ಆಸ್ಪತ್ರೆಗೆ ಹೊರಟಾಗ. ನನ್ನ ಹತ್ತಿರ ಅಂಗವಿಕಲರ ಬಸ್ ಪಾಸಿದೆ. ವರ್ಷಕ್ಕೊಮ್ಮೆ ಒಂದಿಷ್ಟು ಕಟ್ಟಿದರೆ ಮುಗಿಯಿತು, ವರ್ಷವೆಲ್ಲ ತಿರುಗಬಹುದು. ಆದರೆ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲಿದೆ. ಹಿಂದಿನಿಂದ ಯಾರಾದರೂ ಎತ್ತಿ ನೂಕದಿದ್ದರೆ ಆ ಪಾಸನ್ನು ಕನ್ನಡಿಗೆ ಸಿಕ್ಕಿಸಿ ನೋಡುತ್ತಾ ಕೂರಬೇಕು, ಅಷ್ಟೇ. ಹಾಗೆ ನೂಕುವವನ ಬಗ್ಗೆ ನನ್ನ ಪಾಸಿನಲ್ಲಿ ಒಂದಕ್ಷರವೂ ಇಲ್ಲ. ಅವನಿಗೆ ಪೂರ್ತಿ ಟಿಕೆಟ್ಟು.

ಮೊದಮೊದಲು ನನ್ನನ್ನು ನೂಕುತ್ತಿದ್ದವನು ಪಕ್ಕದ ಮನೆಯ ಮಹದೇವ. ಆಳು ಗಟ್ಟಿ, ನನ್ನನ್ನು ಅಕ್ಕಿಮೂಟೆಯಂತೆ ಎತ್ತಿ ಸೀಟಿನಲ್ಲಿ ಕುಕ್ಕುತ್ತಿದ್ದ. ಆದರೆ ಅವನ ಹೊಟ್ಟೆಯೂ ಅಷ್ಟೇ ಗಟ್ಟಿ. ಹೋಗಿಬರುವ ಟಿಕೆಟ್ಟಲ್ಲದೆ ಬಸ್ಸಿಳಿದ ಕೂಡಲೇ ಎರಡು ವಡೆ, ಒಂದು ಟೀ, ಮಧ್ಯಾಹ್ನಕ್ಕೆ ಬಿರಿಯಾನಿ. ನನ್ನ ಸರದಿ ಬರುವುದು ತಡವಾದರೆ ಆ ಬೇಜಾರಿಗೆ ಇನ್ನೊಂದು ಟೀ. ಕಾಲಿನ ಔಷಧಿಗಿಂತ ಮಹದೇವನ ಆಹಾರಕ್ಕೇ ಹೆಚ್ಚು ಹೋಗುತ್ತಿತ್ತು. ನನ್ನ ಹೆಂಡತಿಯನ್ನು ಕರೆದೊಯ್ಯುವ ಹಾಗಿಲ್ಲ. ಅವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ನನ್ನ ಕಾಲಿಗಾಗಿ ಊರ ಮಕ್ಕಳೆಲ್ಲ ಹಸಿದಿರಬೇಕೇ ಎಂದು ಕೇಳುತ್ತಾಳೆ. ಹೀಗಿರುವಾಗ ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು. ಆ ಸುದ್ದಿ ಕೇಳಿದ ರಾತ್ರಿ ನನಗೆ ಥಟ್ಟನೆ ನೆನಪಾದವಳು ನನ್ನ ಅಕ್ಕ ಪುಟ್ಟತಾಯಮ್ಮ.

ಅಕ್ಕ ಇರುವುದು ಹರದನಹಳ್ಳಿಯಲ್ಲಿ, ಅಂದರೆ ಚಾಮರಾಜನಗರದಿಂದಲೂ ಆಚೆ. ಬದನಗುಪ್ಪೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ. ನಾನು ಫೋನ್ ಮಾಡಿ, “ಅಕ್ಕ, ಗುರುವಾರ ಬತ್ತೀಯಾ?” ಎಂದರೆ ಸಾಕು, “ಅವತ್ತು ರಜಾ ಕಣ್ಲಾ ಸಿವಾ, ಬತ್ತೀನಿ ಬುಡು” ಎನ್ನುತ್ತಿದ್ದಳು. ಹರದನಹಳ್ಳಿಯಿಂದ ಚಾಮರಾಜನಗರ, ಅಲ್ಲಿಂದ ಗುಂಡ್ಲುಪೇಟೆ, ನನ್ನನ್ನು ಎತ್ತಿಕೊಂಡು ಮತ್ತೆ ಚಾಮರಾಜನಗರ, ತಿರುಗಿ ಗುಂಡ್ಲುಪೇಟೆಗೆ ನನ್ನನ್ನು ಇಳಿಸಿ, ಕತ್ತಲಾಗುವ ಹೊತ್ತಿಗೆ ಹರದನಹಳ್ಳಿ. ಒಂದು ದಿನಕ್ಕೆ ಆರು ಬಸ್ಸು. ಅಷ್ಟೂ ಸೊನ್ನೆ ರೂಪಾಯಿ ಟಿಕೆಟ್! ವಡೆ ಕೇಳುವುದಿಲ್ಲ, ತನ್ನ ಬುತ್ತಿಯನ್ನು ತಾನೇ ತರುತ್ತಾಳೆ, ಅದರಲ್ಲಿ ನನಗೂ ಒಂದು ಪಾಲು. ಅವಳಿಗೆ ಇಷ್ಟೊಂದು ರಜೆ ಹೇಗೆ ಸಿಗುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಪುಕ್ಕಟೆ ಬಂದ ಹಸುವಿನ ಹಲ್ಲು ಎಣಿಸುವವನು ನಾನಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತವರಿಗೆಲ್ಲ, “ನಮ್ಮಕ್ಕ ಇದಾಳೆ ಕಣಯ್ಯ, ಹೆಂಗಸ್ರಿಗೆ ಫ್ರೀ ಅಲ್ವಾ” ಎಂದು ಹೇಳಿಕೊಂಡು ತಿರುಗಿದೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಪಾಸು ಹೊಸದು ಮಾಡಿಸುವ ಕೊನೆಯ ದಿನ. ಊರವರ ಅರ್ಜಿಗಳನ್ನೆಲ್ಲ ವಾಯಿದೆಗೆ ಮೊದಲೇ ಬರೆದುಕೊಡುವ ನಾನು ನನ್ನದನ್ನು ನಾಳೆ ನಾಳೆ ಎಂದು ತಳ್ಳಿ ಕೊನೆಯ ದಿನಕ್ಕೆ ತಂದು ನಿಲ್ಲಿಸಿದ್ದೆ. ಖುದ್ದಾಗಿ ಹೋಗಬೇಕು, ಚಾಮರಾಜನಗರದ ಕೌಂಟರು ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತದೆ. ತಪ್ಪಿದರೆ ಪಾಸಿಲ್ಲ, ಪಾಸಿಲ್ಲದಿದ್ದರೆ ಆಸ್ಪತ್ರೆಗೆ ಹೋಗುವುದನ್ನೇ ಬಿಡುವವನು ನಾನು, ನನ್ನ ಬುದ್ಧಿ ನನಗೆ ಗೊತ್ತು. ಅಕ್ಕ ಒಂಬತ್ತಕ್ಕೇ ಬಂದಳು, ನಾವಿಬ್ಬರೂ ಬಸ್ ನಿಲ್ದಾಣ ಸೇರಿದಾಗ ಒಂಬತ್ತೂವರೆ. ಬಸ್ಸು ನಿಂತಿತ್ತು, ಬಾಗಿಲಲ್ಲಿ ಜನವೋ ಜನ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಾರೆ. ಆದರೆ ಈಚೆಗೆ ಟವಲಿಗೆ ಮರ್ಯಾದೆ ಹೋಗಿದೆ, ತೆಗೆದು ಆಚೆ ಬಿಸಾಕಿ ಕೂರುತ್ತಾರೆ. ಆಗ ನನ್ನ ತಲೆಗೆ ಆ ಹಾಳು ಉಪಾಯ ಹೊಳೆಯಿತು. “ಅಕ್ಕ, ನನ್ನ ಕೋಲು ಹಾಕು. ಕೋಲು ಕಂಡ್ರೆ ಯಾವ ನನ್ಮಗನೂ ಮುಟ್ಟಲ್ಲ” ಎಂದೆ. ಅಕ್ಕ ತನ್ನ ಕೈಚೀಲವನ್ನು ನನ್ನ ಕೊರಳಿಗೆ ಹಾಕಿ, ನನ್ನನ್ನು ನಿಲ್ದಾಣದ ಕಂಬಕ್ಕೆ ಒರಗಿಸಿ, ಎರಡೂ ಕೋಲುಗಳನ್ನು ಕಿಟಕಿಯಿಂದ ಒಳಕ್ಕೆ ತೂರಿಸಿದಳು. ಉಪಾಯ ಫಲಿಸಿತು, ಯಾರೂ ಮುಟ್ಟಲಿಲ್ಲ. ನನ್ನನ್ನು ಹತ್ತಿಸಲು ದಾರಿ ಬಿಡಿಸಿಕೊಳ್ಳುತ್ತೇನೆಂದು ಅಕ್ಕ ಬಾಗಿಲಿಗೆ ಹೋದಳು. ಹಿಂದಿನಿಂದ ಇಪ್ಪತ್ತು ಜನ ನುಗ್ಗಿದರು, ಅವಳು ಅವರ ಜೊತೆ ಒಳಗೆ ಹೋದಳು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.

ಜೊತೆಗಾರ್ತಿ ಹೋದಳು, ಕೋಲುಗಳು ಹೋದವು, ಹಿಡಿದಿಟ್ಟ ಸೀಟೂ ಹೋಯಿತು. ಅಂಗವಿಕಲ ಒಬ್ಬ ಮಾತ್ರ ಗುಂಡ್ಲುಪೇಟೆಯಲ್ಲಿ ಉಳಿದ.

ಕೂಗಿದೆ. ನಿಲ್ದಾಣದಲ್ಲಿ ಎಲ್ಲರೂ ಕೂಗುವವರೇ, ನನ್ನದು ಯಾರಿಗೆ ಕೇಳಬೇಕು? ಫೋನ್ ಮಾಡಿದೆ. ಅಕ್ಕನ ಫೋನು ನನ್ನ ಎದೆಯ ಮೇಲೆಯೇ, ಅವಳ ಚೀಲದೊಳಗೆ ಗುಣುಗುಟ್ಟಿತು. ಮಹದೇವನಿಗೆ ಮಾಡಿದೆ, ಎತ್ತಲಿಲ್ಲ. ಎಷ್ಟೆಂದರೂ ನಾನು ಕೈಬಿಟ್ಟ ಆಸಾಮಿ. ಎರಡೂ ಕೈಯಿಂದ ಕಂಬವನ್ನು ತಬ್ಬಿಕೊಂಡು ನಿಂತೆ. ಕೆಳಗೆ ಕೂತುಬಿಡೋಣವೆಂದರೆ ಮತ್ತೆ ಏಳುವುದು ಹೇಗೆ? ಒಂದು ಹೆಜ್ಜೆ ತಪ್ಪಿದರೆ ಮೂಳೆ. ಹತ್ತು ಗಂಟೆಯಾಯಿತು. ತೊಡೆ ನಡುಗಲು ಶುರುವಾಯಿತು. ಕಂಬದ ಪಕ್ಕ ಅಲುಗಾಡದೆ ನಿಂತವನನ್ನು ಜನ ನಿಲ್ದಾಣದ ಸಿಬ್ಬಂದಿಯೆಂದು ತಿಳಿದರು. “ಸಾ, ತೆರಕಣಾಂಬಿ ಬಸ್ಸು ಯಾವಾಗ?” “ಸಾ, ಬೇಗೂರಿಗೆ ಎಲ್ಲಿ ನಿಲ್ತದೆ?” ಎಲ್ಲರಿಗೂ ಉತ್ತರ ಕೊಟ್ಟೆ. ಒಬ್ಬರನ್ನಾದರೂ ‘ಸ್ವಲ್ಪ ಹಿಡ್ಕೊಳ್ರಪ್ಪ’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಊರವರ ಪರವಾಗಿ ದಿನಾ ಹತ್ತು ಸಲ ಬೇಡುವ ಬಾಯಿ ನನ್ನ ಪಾಲಿಗೆ ಕಟ್ಟಿಹೋಗಿತ್ತು. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಹತ್ತೂಕಾಲಿಗೆ ಚೀಲದೊಳಗಿನ ಫೋನು ಹೊಡೆದುಕೊಂಡಿತು. ಅಕ್ಕ ಯಾರದ್ದೋ ಫೋನಿನಿಂದ ಮಾಡುತ್ತಿದ್ದಾಳೆ ಎಂದು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಲ್ಲಿ ಚೀಲ ತಡಕಿ, ಬುತ್ತಿಯ ಡಬ್ಬಿ, ಆಧಾರ್ ಕಾರ್ಡು ಎಲ್ಲ ಸರಿಸಿ ಫೋನು ಕಿವಿಗಿಟ್ಟೆ. ನಾನು ಬಾಯಿ ತೆಗೆಯುವ ಮೊದಲೇ ಆ ಕಡೆಯ ಹೆಂಗಸು ಶುರುಮಾಡಿದಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

“ಏನ್ ಪುಟ್ಟತಾಯಕ್ಕ, ಇವತ್ತೂ ಬರ್ನಿಲ್ವಲ್ಲ? ಸೂಪರ್‌ವೈಸರು ಕೇಳ್ತಾವ್ನೆ. ಇವತ್ತಿನ ಸಂಬ್ಳನೂ ಓಯ್ತು, ತಿಂಗ್ಳ ಹಾಜರಿ ದುಡ್ಡೂ ಓಯ್ತು. ಪ್ರತಿ ತಿಂಗ್ಳೂ ಇದೇ ಆಯ್ತಲ್ಲಕ್ಕ. ನಿನ್ ತಮ್ಮನ್ನ ಕರ್ಕೊಂಡೋಗಕ್ಕೆ ಬ್ಯಾರೆ ಯಾರೂ ಇಲ್ವಾ? ಅವ್ನಿಗೊಸಿ ಯೋಳಕ್ಕ ನೀನು.”

ನಾನು ಫೋನು ಕತ್ತರಿಸಿದೆ. ಲೆಕ್ಕದಲ್ಲಿ ಗಟ್ಟಿಗನಲ್ಲವೇ, ಕಂಬ ತಬ್ಬಿಕೊಂಡೇ ಲೆಕ್ಕ ಹಾಕಿದೆ. ಮಹದೇವನಿಗೆ ಹೋಗಿಬರುವ ಟಿಕೆಟ್ಟು, ವಡೆ, ಟೀ ಕೊಡಿಸಿ, ಎರಡು ಪ್ಲೇಟು ಬಿರಿಯಾನಿ ತಿನ್ನಿಸಿದರೂ ನನ್ನ ಪುಕ್ಕಟೆ ಅಕ್ಕನಿಗಿಂತ ಅಗ್ಗ. ಬಸ್ಸು ಬಿಟ್ಟಿಯಾದ ದಿನದಿಂದ ನನ್ನ ದಾರಿಖರ್ಚನ್ನು ಕೊಡುತ್ತಿದ್ದದ್ದು ಸರ್ಕಾರವೂ ಅಲ್ಲ, ನಾನೂ ಅಲ್ಲ. ಇಷ್ಟು ದಿನ ಅವಳು ‘ರಜಾ ಕಣ್ಲಾ’ ಎಂದಾಗಲೆಲ್ಲ ಹೋಗುತ್ತಿದ್ದದ್ದು ಅವಳ ಸಂಬಳ. ನಾಚಿಕೆಯೆಂದರೆ ಏನೆಂದು ನಲವತ್ತಾರನೆಯ ವಯಸ್ಸಿನಲ್ಲಿ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ತಿಳಿಯಿತು.

ಹತ್ತೂ ಮುಕ್ಕಾಲಿಗೆ ಚೆಂಡುಹೂವಿನ ಮೂಟೆ ತುಂಬಿದ ಟೆಂಪೋ ಒಂದು ನಿಲ್ದಾಣದ ಮುಂದೆ ನಿಂತಿತು. ಅಕ್ಕ ಇಳಿದಳು. ಹೆಗಲ ಮೇಲೆ ನೊಗದ ಹಾಗೆ ನನ್ನ ಎರಡು ಕೋಲು, ತಲೆಗೂದಲಲ್ಲೆಲ್ಲ ಹಳದಿ ಎಸಳು, ಮುಖ ಮಾತ್ರ ಕೆಂಪು.

“ನಿಲ್ಸಿ ನಿಲ್ಸಿ ಅಂದ್ರೆ ಕಂಡಕ್ಟ್ರು, ಮೊದ್ಲು ಆಧಾರ್ ತೋರ್ಸಮ್ಮ ಅಂತಾನೆ. ಚೀಲ ನಿನ್ ಕೊಳ್ನಲ್ಲಿ ಅದೆ! ಕಾರ್ಡಿಲ್ಲ, ಕಾಸಿಲ್ಲ ಅಂದೆ, ಹೊಲದ ಅತ್ರ ಇಳಿಸ್ಬುಟ್ಟ. ಅಲ್ಲಿಂದ ಅರ್ಧ ದಾರಿ ಓಡ್ಕೊಂಡೇ ಬಂದೆ. ಬಿದ್ಗಿದ್ದ್ಯಾ ಅಂತ ನನ್ ಜೀವಾನೇ ಓಗಿತ್ತು ಕಣ್ಲಾ” ಎಂದು ಕೋಲುಗಳನ್ನು ನನ್ನ ಕಂಕುಳಿಗೆ ಕೊಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದಳು. ಬೆವರೆಂದು ತಿಳಿದಿರಬೇಕು.

“ಅಕ್ಕ, ಇವತ್ತು ನಿಂಗೆ ರಜಾನಾ?” ಎಂದು ಕೇಳಿದೆ.

“ಹೂಂ ಕಣ್ಲಾ. ಯಾಕೆ?” ಎಂದವಳು ಚೀಲದ ಕಡೆ ನೋಡಿದಳು. “ಯಾರಾದ್ರೂ ಪೋನ್ ಮಾಡಿದ್ರಾ?”

“ಇಲ್ಲ. ಯಾವ್ದೋ ರಾಂಗ್ ನಂಬರು.”

ಹನ್ನೊಂದೂಕಾಲಿನ ಬಸ್ಸಿಗೆ ಅಕ್ಕ ಕೋಲು ಎಸೆಯಲಿಲ್ಲ, ಟವಲೂ ಎಸೆಯಲಿಲ್ಲ. ನನ್ನನ್ನೇ ಮೊದಲು ಎತ್ತಿ ಒಳಕ್ಕೆ ಎಸೆದಳು. ಸೀಟು ಸಿಗಲಿಲ್ಲ; ತೆರಕಣಾಂಬಿಯವರೆಗೆ ನಾನು ಅವಳ ಭುಜ ಹಿಡಿದು ನಿಂತೆ, ಅವಳು ಕಂಬಿ ಹಿಡಿದು ನಿಂತಳು. ಬಸ್ಸು ಪ್ರತಿ ಊರಲ್ಲೂ ನಿಂತಿತು, ನಿಂತಲ್ಲೆಲ್ಲ ನಾನು ಗಡಿಯಾರ ನೋಡಿದೆ. ಚಾಮರಾಜನಗರದಲ್ಲಿ ಇಳಿದಾಗ ಹನ್ನೆರಡು ನಲವತ್ತು. ಕೌಂಟರಿನವರು ಬೀಗ ಹುಡುಕುತ್ತಿದ್ದರು. “ಕೊನೇ ದಿನವೇ ಬರ್ತೀರಲ್ಲ ನೀವೆಲ್ಲ” ಎಂದು ಗೊಣಗಿ ಕೂತರು. ಪಾಸು ಕೈಗೆ ಕೊಡುತ್ತಾ, ನನ್ನ ಹಿಂದೆ ಏದುಸಿರು ಬಿಡುತ್ತಿದ್ದ ಅಕ್ಕನನ್ನು ನೋಡಿ, “ಜೊತೇಲಿ ಅಕ್ಕನಾ? ಒಳ್ಳೇದಾಯ್ತು ಬುಡಿ, ಹೆಂಗಸ್ರಿಗೆ ಫ್ರೀ ಅಲ್ವಾ” ಎಂದರು. ಅದು ನನ್ನದೇ ಮಾತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವರ ಕೆನ್ನೆಗೆ ಬಾರಿಸಬೇಕು ಅನಿಸಿತು.

ಅಂದು ರಾತ್ರಿಯೇ ಕೂತು ಒಂದು ಅರ್ಜಿ ಬರೆದೆ. ನನ್ನ ಜೀವನದಲ್ಲಿ ಬರೆದ ಅತ್ಯುತ್ತಮ ಅರ್ಜಿ. ಜೊತೆಗಾರನಿಲ್ಲದೆ ಪಾಸು ಬರಿಯ ರಟ್ಟೆಂದು, ಜೊತೆಗೆ ಬರುವವರು ಗಂಡಸಾದರೆ ಟಿಕೆಟ್ಟಿನ ಖರ್ಚು, ಹೆಂಗಸಾದರೂ ಒಂದು ದಿನದ ಕೂಲಿಯ ಖೋತಾ ಎಂದು, ಇನ್ನು ಮುಂದೆ ಯಾವ ಅಕ್ಕನೂ ತಮ್ಮನಿಗಾಗಿ ಸಂಬಳ ಕಳೆದುಕೊಂಡು ಸುಳ್ಳು ರಜೆ ಹೇಳದಂತೆ ಸರ್ಕಾರ ಜೊತೆಗಾರರಿಗೂ ನೆರವು ಕೊಡಬೇಕೆಂದು, ಕಣ್ಣಲ್ಲಿ ನೀರು ಬರುವ ಹಾಗೆ ಬರೆದೆ. ಹೆಂಡತಿ ಓದಿ ಮೊದಲ ಬಾರಿಗೆ ನನ್ನನ್ನು ಜಿಪುಣ ಎನ್ನಲಿಲ್ಲ.

ಮಾರನೆಯ ದಿನ ವಿಚಾರಿಸಿದೆ. ಇಂಥ ಅರ್ಜಿಯನ್ನು ಚಾಮರಾಜನಗರದಲ್ಲಿ, ಗುರುವಾರ, ಖುದ್ದಾಗಿ ಹಾಜರಾಗಿ ಸಲ್ಲಿಸಬೇಕಂತೆ. ಮಹದೇವನನ್ನು ಕೇಳಿದೆ. ಈಗ ಬಿರಿಯಾನಿಯ ಜೊತೆ ಕಬಾಬೂ ಸೇರಿದೆ ಎಂದ. ಒಂದು ಸಂಜೆಯೆಲ್ಲ ಕೂತು ಲೆಕ್ಕ ಹಾಕಿದೆ. ಆಮೇಲೆ ಫೋನು ತೆಗೆದುಕೊಂಡು, “ಅಕ್ಕ, ಬರೋ ಗುರುವಾರ ನಿಂಗೆ ರಜಾನಾ?” ಎಂದೆ.

“ಹೂಂ ಕಣ್ಲಾ ಸಿವಾ, ರಜಾನೇ” ಎಂದಳು. “ಬತ್ತೀನಿ ಬುಡು.”