ಕೊನೆಯ ಹಾಡಿಗೆ ಮುಂಚೆ ಎದ್ದುಹೋದವರು

ಗೆದ್ದ ನಾಟಕವನ್ನು ಯಾರು ಬೇಕಾದರೂ ಮತ್ತೆ ಆಡಿಸಬಹುದು. ಸೋತ ನಾಟಕವನ್ನು ಮತ್ತೆ ಆಡಿಸಹೊರಟವನಿಗೆ ಮಾತ್ರ ನಾನೀಗ ಹೇಳುವಂಥ ಫಜೀತಿಗಳು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ನನಗಂತೂ ಒಂದೂ ತಪ್ಪಿಲ್ಲ.

ನಾಟಕ ನನ್ನ ಚಿಕ್ಕಪ್ಪನದು. ಹಾರನಹಳ್ಳಿಯಲ್ಲಿ ಮೇಷ್ಟರಾಗಿದ್ದ ಅವರು ಹರೆಯದಲ್ಲಿ ಬರೆದ ಸಂಗೀತ ನಾಟಕ. ದೇವಸ್ಥಾನ ಕೆತ್ತುವ ಶಿಲ್ಪಿಯೊಬ್ಬ ವಿಗ್ರಹ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ಮೌನವ್ರತ ಹಿಡಿಯುತ್ತಾನೆ. ರಾಜ ಹಾಡುತ್ತಾನೆ, ರಾಣಿ ಹಾಡುತ್ತಾಳೆ, ವಿದೂಷಕ ಬೇಡವೆಂದರೂ ಹಾಡುತ್ತಾನೆ. ನಾಯಕ ಮಾತ್ರ ಉಳಿ ಹಿಡಿದು ಸುಮ್ಮನೆ ಕೂತಿರುತ್ತಾನೆ. ಕೊನೆಯಲ್ಲಿ ವಿಗ್ರಹದ ಕಣ್ಣು ತೆರೆಸಿ ಒಂದೇ ಒಂದು ಹಾಡು ಹಾಡುತ್ತಾನೆ. ಅಲ್ಲಿವರೆಗೆ ಜನ ಅವನ ದನಿಗಾಗಿ ಬಾಯಾರಬೇಕು ಎಂಬುದು ಚಿಕ್ಕಪ್ಪನ ಲೆಕ್ಕಾಚಾರ.

ಟೆಂಟು ಹಾಕಿಸಿ ಮೊದಲ ಸಲ ಆಡಿದಾಗ ಜನ ಬಾಯಾರಿದರು. ಕಾಫಿ ಕುಡಿಯಲು ಎದ್ದವರು ಹಿಂದಿರುಗಲಿಲ್ಲ. ಉಳಿದವರು "ಏನ್ಲಾ, ಮಾತು ಮರ್ತೋಯ್ತೇನ್ಲಾ?" ಎಂದು ಶಿಲ್ಪಿಯನ್ನು ಕೂಗಿ ಕೇಳಿದರು. ಅವನು ಉತ್ತರ ಕೊಡುವ ಹಾಗಿರಲಿಲ್ಲ, ಆದ್ದರಿಂದ ಅವರೂ ಹೋದರು. ಪರದೆ ಬಾಡಿಗೆಗೆ ಕೊಟ್ಟಿದ್ದವನು ಖಾಲಿ ಟೆಂಟು ನೋಡಿ, ಕೊನೆಯ ಹಾಡಿಗೆ ಮುಂಚೆಯೇ ತನ್ನ ಪರದೆ ಬಿಚ್ಚಿ ಸುತ್ತಿಕೊಂಡ.

ಚಿಕ್ಕಪ್ಪನಿಗೀಗ ಎಂಬತ್ತು ದಾಟಿದೆ. "ಆ ಹಾಡೊಂದು ಜನರ ಮುಂದೆ ಆಗ್ಬಿಟ್ರೆ ಸಾಕು ಕಣೋ. ಆಮೇಲೆ ನಾಟಕ ಚೆನ್ನಾಗಿಲ್ಲ ಅಂತ ಬೇಕಾದ್ರೆ ಬೈಲಿ" ಅನ್ನುತ್ತಾರೆ. ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತನಾದವನು. ಹೊರಟ ಗಾಡಿ ಕೊನೆಯ ಸ್ಟೇಷನ್ ಮುಟ್ಟಲೇಬೇಕು. ಆಡಿಸಿಯೇ ತೀರುತ್ತೇನೆ ಅಂದೆ.

ಮೌನವ್ರತಿಗೆ ಸನ್ಮಾನ

ನಮ್ಮ ಕಡೆ ಯಾವ ಪಾತ್ರ ಯಾರಿಗೆ ಒಪ್ಪುತ್ತದೆ ಎಂದು ಯಾರೂ ಕೇಳುವುದಿಲ್ಲ. ಖರ್ಚು ಹೊತ್ತವರಿಗೆ ನಾಯಕನ ಪಾತ್ರ. ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮುಂದೆ ಬಂದರು.

"ಮಾತು ಕಲಿಯೋ ಕಷ್ಟ ಇಲ್ಲ, ಫ್ಲೆಕ್ಸಲ್ಲಿ ಮಾತ್ರ ನನ್ ಫೋಟೋನೇ ದೊಡ್ಡದು. ಅಲ್ವಾ ಸಾರ್?"

"ಕೊನೆಗೆ ಒಂದು ಹಾಡಿದೆ."

"ಅದೊಂದನ್ನ ನೋಡ್ಕೊಳೋಣ ಬಿಡಿ."

ಹಾಡನ್ನು ಕಲಿತರು. ಅದೂ ಚೆನ್ನಾಗಿಯೇ. ನಾಟಕದ ದಿನ ಸಮುದಾಯ ಭವನ ತುಂಬಿತ್ತು, ಅರ್ಧಕ್ಕರ್ಧ ಅವರ ನೆಂಟರೇ. ಎರಡನೇ ಅಂಕದಲ್ಲಿ ರಾಜ ಸಿಟ್ಟಿನಿಂದ ಶಿಲ್ಪಿಯ ಮೇಲೆ ಕತ್ತಿ ಎತ್ತಿದ್ದಾನೆ. ಆಗ ಮೈಕಿನವನು, "ಈಗ ನಮ್ಮ ಶಿಲ್ಪಿ ಪಾತ್ರಧಾರಿಗಳಿಗೆ ಬೀಗರ ಕಡೆಯಿಂದ ಕಿರುಸನ್ಮಾನ" ಅಂದ. ರಾಜ ಎತ್ತಿದ ಕತ್ತಿ ಎತ್ತಿಕೊಂಡೇ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ನಾನು ಓಡಿಹೋಗಿ, "ಇದೆಲ್ಲ ನಾಟಕ ಮುಗಿದ ಮೇಲೆ" ಅಂದೆ.

"ಮುಗಿದ ಮೇಲೆ ಜನ ಎಲ್ಲಿರ್ತಾರೆ ಸಾರ್?" ಅಂದ ಮೈಕಿನವನು.

ಬೀಗರಾದ ಮೇಲೆ ಭಾವಮೈದುನರು, ಅವರಾದ ಮೇಲೆ ಮಂಡಿ ಹಮಾಲರು, ಆಮೇಲೆ ವಾಕಿಂಗ್ ಗೆಳೆಯರು. ಶಾಲು, ಪೇಟ, ಹಾರ. ಕಡೆಗೆ "ಎರಡು ಮಾತು" ಎಂದು ಮೈಕನ್ನು ಶಿಲ್ಪಿಯ ಬಾಯಿಗೇ ಹಿಡಿದರು. ಸಾಹುಕಾರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ಎಲ್ಲರಿಗೂ ನಮಸ್ಕಾರ. ನಾನೀಗ ಮೌನವ್ರತದಲ್ಲಿ ಇರೋದ್ರಿಂದ ಜಾಸ್ತಿ ಮಾತಾಡೋ ಹಾಗಿಲ್ಲ..." ಆಮೇಲೆ ಹುಟ್ಟಿದೂರಿನಿಂದ ಹಿಡಿದು ಕೊಬ್ಬರಿ ಧಾರಣೆಯವರೆಗೆ ಮಾತಾಡಿದರು.

ಅಷ್ಟರಲ್ಲಿ ಸಂಜೆಯ ಆರತಕ್ಷತೆಗೆ ಭವನ ಹಿಡಿದಿದ್ದವರು ಬಂದು ವೇದಿಕೆಯ ಮೇಲೆ ಮದುಮಕ್ಕಳ ಕುರ್ಚಿ ಇಟ್ಟರು. ನಾಟಕ ಅಲ್ಲಿಗೇ ನಿಂತಿತು.

"ಸಾಹುಕಾರ್ರೇ, ನಿಮ್ಮ ಮಾತಿನಿಂದ ಹಾಡು ಉಳಿದುಹೋಯಿತು" ಅಂದೆ.

ಮೂಗಿನವರೆಗೆ ಬಂದಿದ್ದ ಹಾರವನ್ನು ಕೆಳಗೆ ತಗ್ಗಿಸಿ, ಬಹಳ ನೊಂದುಕೊಂಡು ಅವರು ಹೇಳಿದರು: "ನಾನೇನ್ ಮಾಡ್ಲಿ ಸಾರ್? ಪಾತ್ರದಲ್ಲಿದ್ದಾಗ ಎಲ್ಲಾದ್ರೂ ಬಾಯಿ ಬಿಟ್ನಾ?"

ಈ ಕಡೆ ಬನ್ನಿ

ಮುಂದಿನ ಸಲ ಹಳೇಬೀಡು. ಶಿಲ್ಪಿಯ ನಾಟಕಕ್ಕೆ ಅದಕ್ಕಿಂತ ಸರಿಯಾದ ಊರಿಲ್ಲ ಎಂದು ನಾನೇ ಆರಿಸಿದ್ದು. ದೇವಸ್ಥಾನದ ಹತ್ತಿರದ ಶಾಲೆಯೊಂದರ ಅಂಗಳ, ಮಧ್ಯಾಹ್ನದ ಹೊತ್ತು. ಸನ್ಮಾನವಿಲ್ಲ ಎಂದು ಬೋರ್ಡು ಬರೆಸಿ ಹಾಕಿದ್ದೆ. ಶಿಲ್ಪಿಯಾಗಿ ಒಬ್ಬ ಟೂರಿಸ್ಟ್ ಗೈಡು ಸಿಕ್ಕ. ಎತ್ತರದ ಆಳು, ಒಳ್ಳೆಯ ಕಂಠ.

ಚಿಕ್ಕಪ್ಪ ಮಾತ್ರ ಗೊಣಗಿದರು: "ದಿನಾ ಬೆಳಗಿಂದ ಸಂಜೆವರೆಗೆ ಮಾತಾಡಿ ಅನ್ನ ತಿನ್ನೋನನ್ನ ಬಾಯಿ ಮುಚ್ಕೊಂಡು ಕೂರಿಸ್ತೀಯಲ್ಲೋ, ತಡ್ಕೋತಾನೇನೋ?"

ಮೊದಲ ಅಂಕ ತಡೆದುಕೊಂಡ. ಎರಡನೆಯದರಲ್ಲಿ ರಾಜ ರಾಣಿ ಶಿಲ್ಪ ನೋಡಲು ಬರುತ್ತಾರೆ. ರಾಣಿ ರಟ್ಟಿನ ಗೋಡೆ ತೋರಿಸಿ, "ಎಷ್ಟು ಚೆಂದದ ಆನೆಗಳು!" ಅನ್ನಬೇಕು. ಅಂದಳು. ಗೈಡನ ತುಟಿ ಅದುರಿತು. "ಎಷ್ಟು ಚೆಂದದ ಸಿಂಹಗಳು!" ಅಂದಳು. ಅವನು ಉಳಿ ಕೆಳಗಿಟ್ಟ.

"ನೋಡಿ ಮೇಡಂ, ಕೆಳಗಡೆ ಆನೆ ಯಾಕೆ ಅಂದ್ರೆ ಅದು ಬಲಕ್ಕೆ. ಅದರ ಮೇಲೆ ಸಿಂಹ, ಶೌರ್ಯಕ್ಕೆ. ಈ ಕಡೆ ಬನ್ನಿ, ಬಿಸಿಲಲ್ಲಿ ನಿಲ್ಲಬೇಡಿ."

ರಾಣಿ ಆ ಕಡೆ ಹೋದಳು. ರಾಜ, "ಈ ಆನೆಗಳ ಒಡವೆ ಒಂದರ ಥರ ಇನ್ನೊಂದಿಲ್ವಂತಲ್ಲ, ನಿಜವೇನ್ರೀ?" ಎಂದು ಕೇಳಿದ. ನಾಟಕದಲ್ಲಿ ಅಂಥ ಮಾತೇ ಇಲ್ಲ. ಜನ ಚಪ್ಪಾಳೆ ಹೊಡೆದರು. ಚಿಕ್ಕಪ್ಪನ ಒಂದು ಸಾಲಿಗೂ ಹೊಡೆಯದವರು ಇದಕ್ಕೆ ಹೊಡೆದರು. ಮುಂದಿನ ಸಾಲಿನವರೊಬ್ಬರು, "ರಟ್ಟಲ್ಲಿ ಸರಿಯಾಗಿ ಕಾಣ್ತಿಲ್ಲ ಕಣ್ರೀ" ಅಂದದ್ದೇ ತಡ, ಶಿಲ್ಪಿ ವೇದಿಕೆಯಿಂದ ಧುಮುಕಿದ.

"ಬನ್ನಿ, ಒರಿಜಿನಲ್ಲೇ ತೋರಿಸ್ತೀನಿ. ಗೇಟ್ ಹಾಕೋಕೆ ಇನ್ನೂ ಟೈಮಿದೆ!"

ಜನವೆಲ್ಲ ಅವನ ಹಿಂದೆ ಹೊರಟಿತು. ರಾಜ ಕಿರೀಟದ ಸಮೇತ ಹೋದ. ರಾಣಿ ಸೆರಗು ಎತ್ತಿ ಕಟ್ಟಿಕೊಂಡು ಹೋದಳು. ಅಂಗಳದಲ್ಲಿ ಉಳಿದವರು ನಾನು, ಚಿಕ್ಕಪ್ಪ, ಹಾರ್ಮೋನಿಯಂ ಮೇಷ್ಟ್ರು. ಇನ್ನೊಬ್ಬ ವಿದೂಷಕ. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸಾರ್, ನಾನು ಒಳಗಡೆ ಸರಿಯಾಗಿ ನೋಡಿಲ್ಲ. ಹೋಗಿ ಬರ್ಲಾ?"

ಬೇಲೂರಿನ ಕಾನ್ಸೆಪ್ಟು

ಇಷ್ಟಾದ ಮೇಲೆ ಓದಿದವರ ಕೈಗೆ ಕೊಡೋಣ ಅನ್ನಿಸಿತು. ಈ ಅನ್ನಿಸಿಕೆ ನನ್ನ ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದದ್ದು ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಬೇಲೂರಿನಲ್ಲಿ ಯುವಕರ ತಂಡವೊಂದಿತ್ತು. ಗಡ್ಡದ ನಿರ್ದೇಶಕ ಹಸ್ತಪ್ರತಿಯನ್ನು ಓದಿ ಕಣ್ಣಿಗೆ ಒತ್ತಿಕೊಂಡ. "ಸಾರ್, ಇದು ಕಾಲಕ್ಕಿಂತ ಮುಂಚೆ ಬಂದ್ಬಿಟ್ಟಿದೆ. ಅದಕ್ಕೇ ಸೋತಿದ್ದು."

ಚಿಕ್ಕಪ್ಪನ ಮುಖ ಅರಳಿತು. ತಾಲೀಮಿಗೆ ಯಾರೂ ಬರಬಾರದು ಎಂದು ತಂಡದವರು ಅಂದರು. ನಾವು ಹೋಗಲಿಲ್ಲ.

ಪ್ರದರ್ಶನದ ದಿನ ರಾಜ ಬಂದು ನಿಂತ. ಹಾಡಲಿಲ್ಲ. ರಾಣಿ ಬಂದು ಕೂತಳು. ಅವಳೂ ಹಾಡಲಿಲ್ಲ. ವಿದೂಷಕ ನೆಲದ ಮೇಲೆ ಉರುಳಾಡಿದ. ಕೊನೆಯಲ್ಲಿ ಶಿಲ್ಪಿ ಬಾಯಿ ತೆರೆದ. ನಾನೂ ಚಿಕ್ಕಪ್ಪನೂ ಮುಂದಕ್ಕೆ ಬಾಗಿದೆವು. ತೆರೆದ ಬಾಯಿ ಹಾಗೇ ಇತ್ತು, ದೀಪ ಆರಿತು.

"ಹಾಡು ಎಲ್ಲಿ?" ಎಂದು ನಿರ್ದೇಶಕನನ್ನು ಹಿಡಿದು ಕೇಳಿದೆ.

"ಮೌನವೇ ಹಾಡು ಸಾರ್. ಒಬ್ಬನ ಮೌನವನ್ನ ಎಲ್ಲರಿಗೂ ಎಕ್ಸ್‌ಟೆಂಡ್ ಮಾಡಿದ್ವಿ."

"ಅಲ್ಲ ಮಾರಾಯ, ಸಂಗೀತ ನಾಟಕದಲ್ಲಿ ಸಂಗೀತ ತೆಗೆದರೆ ಉಳಿಯುವುದೇನು?"

"ಸ್ಪೇಸ್" ಅಂದ.

ಹಾರ್ಮೋನಿಯಂ ಮೇಷ್ಟ್ರನ್ನು ಉದ್ದಕ್ಕೂ ವೇದಿಕೆಯ ಮೂಲೆಯಲ್ಲಿ ಕೈಕಟ್ಟಿ ಕೂರಿಸಿದ್ದರು. ಅವರ ಪರವಾಗಿಯೂ ಎರಡು ಮಾತು ಆಡೋಣವೆಂದು ತಿರುಗಿದರೆ, ಅವರು ನೆಮ್ಮದಿಯಾಗಿ ಪೆಟ್ಟಿಗೆಗೆ ಬಟ್ಟೆ ಮುಚ್ಚುತ್ತಿದ್ದರು. "ಬಿಡಿ ಸಾರ್. ಒಂದೂ ಅಪಸ್ವರ ಇಲ್ದೆ ನಾನು ಮುಗಿಸಿದ್ದು ಇದೇ ಮೊದಲ್ನೇ ನಾಟಕ."

ಗೆಂಡೆಹಳ್ಳಿಯಲ್ಲಿ ಬಾಯಿ ಬಿಟ್ಟದ್ದು

ಕಡೆಗೆ ಎಲ್ಲವನ್ನೂ ನಾನೇ ಹಿಡಿದುಕೊಂಡೆ. ಊರು ಗೆಂಡೆಹಳ್ಳಿ, ಭಾನುವಾರ ಮಧ್ಯಾಹ್ನ. ಶಿಲ್ಪಿಯಾಗಿ ಪಕ್ಕದ ಹಳ್ಳಿಯ ರೈತನೊಬ್ಬ. ಭಜನೆಯಲ್ಲಿ ಹಾಡುತ್ತಾನೆ, ಮಿಕ್ಕಂತೆ ಮಾತೇ ಆಡುವುದಿಲ್ಲ. ಅವನ ಹೆಂಡತಿಯನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. "ಅಯ್ಯೋ, ಮದ್ವೆಯಾದಾಗಿಂದ ಅದೇ ಕತೆ ಐತೆ ಸ್ವಾಮಿ" ಅಂದಳು.

ನಾಟಕ ಹೊತ್ತಿಗೆ ಸರಿಯಾಗಿ ಶುರುವಾಯಿತು. ಹಾರವಿಲ್ಲ, ಆನೆ ಸಿಂಹದ ವಿವರಣೆಯಿಲ್ಲ, ಸ್ಪೇಸೂ ಇಲ್ಲ. ಚಿಕ್ಕಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮೊದಲ ಸಲ ಆಡಿದಾಗ ಅವರು ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದರು. ತಮ್ಮ ನಾಟಕವನ್ನು ಬರೆದ ಹಾಗೆಯೇ ಎದುರಿಗೆ ಕೂತು ನೋಡಿದ್ದು ಇದೇ ಮೊದಲು.

ಎರಡನೇ ಅಂಕಕ್ಕೆ ಅವರು ಕುರ್ಚಿಯಲ್ಲಿ ಹೊರಳಾಡತೊಡಗಿದರು. "ಈ ವಿದೂಷಕ ಯಾಕೋ ಮತ್ತೆ ಬಂದ?"

"ನೀವೇ ಕರೆಸಿದ್ದು ಚಿಕ್ಕಪ್ಪ."

"ಶಿಲ್ಪಿ ಯಾವಾಗ ಬಾಯಿ ಬಿಡ್ತಾನೋ?"

"ಕೊನೆಯಲ್ಲಿ. ನೀವೇ ಬರೆದದ್ದು."

ಮೂರನೇ ಅಂಕ. ವಿಗ್ರಹದ ಕಣ್ಣಿಗೆ ಶಿಲ್ಪಿ ಉಳಿ ಇಟ್ಟ. ಆಗಲೇ ಬೇಲೂರಿನ ಬಸ್ಸು ಬಂದು ಹಾರನ್ ಹೊಡೆಯಿತು. ಚಿಕ್ಕಪ್ಪ ಕೋಲು ಊರಿ ಎದ್ದೇಬಿಟ್ಟರು.

"ಚಿಕ್ಕಪ್ಪ! ಇನ್ನೊಂದು ಗಳಿಗೆ, ಹಾಡು!"

"ನನ್ ಕೈಲಾಗಲ್ಲ ಕಣೋ. ಅವತ್ತು ಎದ್ದುಹೋದೋರನ್ನೆಲ್ಲ ಇಷ್ಟು ವರ್ಷ ಬೈಕೊಂಡು ಬಂದೆ. ಪಾಪ, ಅವರದೇನೂ ತಪ್ಪಿಲ್ಲ. ನೀನು ಕೂತ್ಕೋ, ಕಾನ್ವೆಂಟಲ್ಲಿ ಓದಿದೋನು, ನಿಂಗೆ ಶಿಸ್ತಿದೆ."

ಬರೆದವರೇ ಎದ್ದರೆಂದ ಮೇಲೆ ಮುಗಿಯಿತೆಂದು ಊರಿನವರೂ ಎದ್ದರು. ನಾನು ಏಳಲಿಲ್ಲ. ಶಿಲ್ಪಿಗೆ ಹಾಡು ಎಂದು ಕೈ ಮಾಡಿದೆ. ಅವನು ಖಾಲಿ ಕುರ್ಚಿಗಳನ್ನು ನೋಡಿ, ನನ್ನನ್ನು ನೋಡಿ, ಆ ದಿನದ ಮೊದಲ ಮಾತು ಆಡಿದ: "ನಿಮ್ಗೊಬ್ರಿಗೇನಾ ಸಾರ್?"

"ಹೌದು. ಹಾಡು."

"ನಮ್ಮೂರ್ಗೂ ಅದೇ ಬಸ್ಸು. ನಾನೂ ಬತ್ತೀನಿ, ಹಾಡು ಅಲ್ಲೇ ಹೇಳ್ತೀನಿ ನಡೀರಿ. ಅಜ್ಜಾರೂ ಕೇಳ್ದಂಗಾಯ್ತದೆ."

ಅಂಟಿಸಿದ ಗಡ್ಡದಲ್ಲೇ ಬಸ್ಸು ಹತ್ತಿದ. ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ನಿಂತು ಹಾಡಿದ. ಮಾತಾಡದವನ ಗಂಟಲಲ್ಲಿ ಅಷ್ಟೊಂದು ದನಿ ಇತ್ತೆಂದು ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಹಾಡು ಪೂರ್ತಿ ಆಯಿತು. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

"ನೋಡಿದ್ಯೇನೋ? ಒಬ್ಬರೂ ಎದ್ದುಹೋಗ್ಲಿಲ್ಲ."

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಚಿಕ್ಕಪ್ಪ, ಬಸ್ಸು ಓಡ್ತಿತ್ತು" ಅಂದೆ.

ಅವರು ಕನ್ನಡಕ ಏರಿಸಿಕೊಂಡು ಬಸ್ಸನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಥತ್, ಅವತ್ತೇ ಹೊಳೀಬೇಕಿತ್ತು ಕಣೋ. ಟೆಂಟ್ ಹಾಕಿಸಿದ್ದೇ ತಪ್ಪು."