ಒಣಮೀನಿನ ವಾಸನೆ ಹತ್ತಿದ ಸೇಬಿನ ಕುರಿತು ಹಾಸ್ಟೆಲ್ ಫ್ರಿಜ್‌ಗೆ ಬಿನ್ನಹ

ಶಹಾಪುರದ ನಮ್ಮ ಹಾಸ್ಟೆಲಿನ ಮಾನ್ಯ ಫ್ರಿಜ್ ಅವರಿಗೆ, ಬಿ.ಎಸ್ಸಿ. ಮೊದಲ ವರ್ಷದ ಅಂಜನಾ ಮಾಡುವ ತಣ್ಣನೆಯ ನಮಸ್ಕಾರಗಳು.

ಮೊದಲಿಗೆ ಸಾರಿ. ಅಡುಗೆಮನೆಯ ಮೂಲೆಯಲ್ಲಿ ಬಿಡುವಿಲ್ಲದೆ ಗುಂಯ್‌ಗುಡುತ್ತ ದುಡಿಯುವ ತಮ್ಮಂಥ ಹಿರಿಯರಿಗೆ, ಕಾಲೇಜು ಸೇರಿ ನಾಲ್ಕು ತಿಂಗಳೂ ಆಗದ ನಾನು ಪತ್ರ ಬರೆಯುವುದು ಸರಿಯೋ ತಪ್ಪೋ ಎಂದು ಮೂರು ದಿನ ಟೆನ್ಷನ್ ಮಾಡಿಕೊಂಡು, ಎರಡು ಹಾಳೆ ಹರಿದು, ಕೊನೆಗೆ ಬರೆಯುತ್ತಿದ್ದೇನೆ.

ಇಡುವ ಜಾಗದಿಂದ ಸೇಬಿನ ಪರಿಮಳ, ರುಚಿ ಹೇಗೆ ಬದಲಾಗುತ್ತವೆ ಎಂಬುದು ನನ್ನ ಪ್ರಾಕ್ಟಿಕಲ್. ಒಂದೇ ಪೆಟ್ಟಿಗೆಯ ಎರಡು ಸೇಬುಗಳಲ್ಲಿ ಒಂದನ್ನು ಕಿಟಕಿಯಲ್ಲಿ, ಇನ್ನೊಂದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ತಮ್ಮ ಮಡಿಲಲ್ಲಿ ಇಟ್ಟು ಹದಿನೈದು ದಿನ ಕಾದೆ. ಕಿಟಕಿಯದು ಬಿಸಿಲು ಕುಡಿದು ಸುಕ್ಕಾಗಿ, ತಿಂದರೆ ಹಿಟ್ಟು ಹಿಟ್ಟಾಯಿತು. ಪುಸ್ತಕದಲ್ಲೂ ಹಾಗೇ ಇದೆ. ತಮ್ಮದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ನೋಡಲು ಕೆಂಪಗೆ, ಗಟ್ಟಿಯಾಗಿ, ಮದುಮಗಳ ಹಾಗಿತ್ತು. ಆದರೆ ಕ್ಲಾಸಿನಲ್ಲಿ ಪರೀಕ್ಷೆಗೆಂದು ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಅದನ್ನು ಮೂಸಿದ ನನ್ನ ರೂಮ್‌ಮೇಟ್ ಮಲ್ಲೇಶ್ವರಿ, “ಮ್ಯಾಡಂ, ಇದು ನಮ್ಮನಿ ಒಣಮೀನರಿ! ನಮ್ಮವ್ವ ಹೋದವಾರ ಕಳಿಸ್ಯಾಳ್ರಿ!” ಎಂದು ತವರು ಕಂಡವಳಂತೆ ಕೂಗಿದಳು. ಪ್ರಾಕ್ಟಿಕಲ್ ಮೇಡಂ ಕನ್ನಡಕ ಸರಿಮಾಡಿಕೊಂಡು, “ಸೇಬು ತಂದಿಯೇನ ಅಂಜನಾ, ಇಲ್ಲಾ ಕೆಂಭಾವಿ ಸಂತಿನೇ ಹೊತ್ತು ತಂದಿಯೇನ?” ಎಂದರು. ಕ್ಲಾಸು ಇನ್ನೂ ನಗುತ್ತಿದೆ.

ತಮ್ಮ ಸಮಾನತೆಗೆ ನನ್ನ ಸೆಲ್ಯೂಟ್. ಪುಂಡಿಪಲ್ಯ, ಬೆಳ್ಳುಳ್ಳಿ ಖಾರ, ಒಣಮೀನು, ವಾರ್ಡನ್ ಮೇಡಂ ಅವರ ಕಣ್ಣಿನ ಡ್ರಾಪ್ಸ್, ಇವೆಲ್ಲಕ್ಕೂ ಮೇಲುಕೀಳಿಲ್ಲದೆ ಒಂದೇ ವಾಸನೆ ಹಂಚುವವರು ತಾವೊಬ್ಬರೇ.

ನಿಜ ಹೇಳಬೇಕೆಂದರೆ ಡಬ್ಬಿಯಿಂದ ಸೇಬನ್ನು ತೆಗೆದವರು ಅಡುಗೆಯ ಭೀಮಮ್ಮ. “ಹಣ್ಣೂ ಉಸಿರಾಡತದ ಯವ್ವಾ, ಹಂಗ ಬಾಯಿ ಮುಚ್ಚಿ ಇಟ್ರ ಜೀವ ಹೋಗತದ” ಎಂದು ಮರುಗಿ, ಅದನ್ನು ಮೀನಿನ ಗಂಟಿನ ಪಕ್ಕದಲ್ಲಿ ಮಲಗಿಸಿದ್ದರು. ಹಣ್ಣು ಉಸಿರಾಡುವುದು ಸುಳ್ಳಲ್ಲ, ಟೆಕ್ಸ್ಟ್‌ಬುಕ್ಕೂ ಹೇಳುತ್ತದೆ. ಅಕ್ಕಪಕ್ಕದ ವಾಸನೆಯನ್ನೂ ಅದು ಎಳೆದುಕೊಳ್ಳುತ್ತದೆ ಎಂಬುದು ಮುಂದಿನ ಪುಟದಲ್ಲಿದೆ, ನಾನೂ ಅಲ್ಲಿಗೆ ತಡವಾಗಿ ತಲುಪಿದೆ.

ಈಗ ವರದಿಯಲ್ಲಿ ‘ದೋಷಕ್ಕೆ ಕಾರಣ’ ಎಂಬ ಕಾಲಂ ಇದೆ. ಖಾಲಿ ಬಿಟ್ಟರೆ ಹತ್ತು ಇಂಟರ್ನಲ್ ಅಂಕ ಹೋಗುತ್ತವೆ. ಭೀಮಮ್ಮನ ಹೆಸರು ಬರೆದರೆ ಅದು ವಾರ್ಡನ್ ಕಿವಿಗೆ ಬೀಳುತ್ತದೆ, ಅಡುಗೆಯವರ ಮೇಲೆ ಅವರಿಗೆ ಮೊದಲೇ ಸಿಟ್ಟು. ನನಗೆ ಜ್ವರ ಬಂದಾಗ ತಲೆ ನೇವರಿಸಿ ಗಂಜಿ ಕುಡಿಸಿದವರ ಹೆಸರನ್ನು ಆ ಕಾಲಂನಲ್ಲಿ ಬರೆಯಲು ನನ್ನ ಪೆನ್ನು ಏಳುತ್ತಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸೇಬಿಗೆ ಅದರ ಪರಿಮಳವನ್ನು ಹಿಂದಿರುಗಿಸಬೇಕು. ಆಗದಿದ್ದರೆ ‘ತಪ್ಪು ಪೂರ್ತಿ ನನ್ನದೇ’ ಎಂದು ಸರ್ಟಿಫಿಕೇಟ್ ಬರೆದುಕೊಡಬೇಕು. ಸಹಿ ಬಾರದಿದ್ದರೆ ಬಾಗಿಲಿನ ರಬ್ಬರ್ ಒತ್ತಿದರೂ ನಡೆಯುತ್ತದೆ.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ
ಅಂಜನಾ, ಕಕ್ಕೇರಾ

ತಾ.ಕ.: ಉತ್ತರವನ್ನು ಒಳಗೆ ಇಡಬೇಡಿ, ಬಾಗಿಲಿನ ಹೊರಗೆ ಅಂಟಿಸಿ, ಪ್ರಾಕ್ಟಿಕಲ್ ಮೇಡಂ ಕಾಗದವನ್ನೂ ಮೂಸಿ ನೋಡುತ್ತಾರೆ. ವರದಿ ಸೋಮವಾರ ಕೊಡಬೇಕು. ದಯವಿಟ್ಟು ಬೇಗ ಉತ್ತರಿಸಿ.