ದಾರಿ ತಪ್ಪುವವನ ನಕ್ಷೆ

ದಿಕ್ಕು ತಿಳಿಯದ ಮನುಷ್ಯನಿಗೆ ಯಾವ ಕೆಲಸ ಬೇಕಾದರೂ ಕೊಡಬಹುದು, ನಕ್ಷೆಯ ಕೆಲಸ ಮಾತ್ರ ಕೊಡಬಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಕೊಟ್ಟವರು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಹೀಗಾಗಿ, ಎರಡು ತಿರುವು ದಾಟಿದರೆ ಮೂಡಣ ಯಾವುದು ಪಡುವಣ ಯಾವುದು ಎಂದು ಕಂಗಾಲಾಗುವ ನಾನು, ಚೆನ್ನೈನ ನುಂಗಂಬಾಕ್ಕಂನಲ್ಲಿ ಒಂದು ಪುಟ್ಟ ಕಂಪನಿ ಸೇರಿ, ಟ್ಯಾಕ್ಸಿಗಳಿಗೆ ದಾರಿ ಹೇಳುವ ಪೆಟ್ಟಿಗೆಯೊಳಗಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತ ಕೂತೆ. ಗಾಡಿ ಈಗ ಎಲ್ಲಿದೆ ಎಂಬುದನ್ನು ಉಪಗ್ರಹದಿಂದ ತಿಳಿದುಕೊಂಡು ಮುಂದಿನ ತಿರುವು ಹೇಳುವ ಪೆಟ್ಟಿಗೆ ಅದು. ಆಗಿನ್ನೂ ಊರಿಗೆ ಹೊಸದು. ನನ್ನನ್ನು ಕೇಳಿದ್ದರೆ ಮೊದಲ ಪೆಟ್ಟಿಗೆಯನ್ನು ನನ್ನ ಕೊರಳಿಗೇ ಕಟ್ಟಿ ಎನ್ನುತ್ತಿದ್ದೆ.

ತಪ್ಪು ಪೂರ್ತಿ ನನ್ನದಲ್ಲ, ಮೈಸೂರಿನದು. ಅಲ್ಲಿ ತಲೆಯೆತ್ತಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ. ಬೆಟ್ಟ ಎಡಕ್ಕಿದ್ದರೆ ಮನೆ ಬಲಕ್ಕೆ, ನಮ್ಮ ಭೂಗೋಳ ಅಷ್ಟೇ. ಚೆನ್ನೈನಲ್ಲಿ ತಲೆಯೆತ್ತಿದರೆ ಸಿನಿಮಾ ಹೋರ್ಡಿಂಗು. ಬೆಟ್ಟವಿಲ್ಲದ ಊರಿನಲ್ಲಿ ಇದೇ ಬೆಟ್ಟ ಎಂದುಕೊಂಡು, ಕತ್ತಿ ಹಿಡಿದ ನಾಯಕನ ಹತ್ತಿರ ಎಡಕ್ಕೆ, ಕಣ್ಣೀರಿಡುವ ನಾಯಕಿಯ ಹತ್ತಿರ ಬಲಕ್ಕೆ ಎಂದು ದಾರಿ ಬಾಯಿಪಾಠ ಮಾಡಿಕೊಂಡೆ. ಶುಕ್ರವಾರ ಹೊಸ ಸಿನಿಮಾ ಬಿಡುಗಡೆಯಾಯಿತು. ಕಣ್ಣೀರಿದ್ದ ಕಡೆ ಮೋಟಾರ್ ಬೈಕು ಬಂದಿತ್ತು. ಆ ಸಂಜೆ ತಾಂಬರಂನ ಮನೆಗೆಂದು ಸ್ಕೂಟರ್ ಹತ್ತಿದವನು ಸಮುದ್ರ ನೋಡಿಕೊಂಡು ಬಂದೆ.

ಇಂಥವನ ಸ್ಕೂಟರಿನಲ್ಲಿ ಹಿಂದೆ ಕೂತು ನನ್ನ ಹೆಂಡತಿ ಸುಮಿತ್ರಾ ಒಂದು ಭಾನುವಾರ ಎಗ್ಮೋರ್ ಕಡೆ ಗೆಳತಿಯ ಮಗುವಿನ ನಾಮಕರಣಕ್ಕೆ ಹೊರಟಳು. ಗಲ್ಲಿ ಗಲ್ಲಿ ಸುತ್ತಿ ಒಂದು ಬೀದಿಗೆ ನುಗ್ಗಿದೆ. ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದು, ಇದು ಈಗ ಒನ್‌ವೇ, ಬೋರ್ಡು ಮೊನ್ನೆ ಹಾಕಿದ್ದೇವೆ ಎಂದ. ನನಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು. ನಮ್ಮ ನಕ್ಷೆಯಲ್ಲಿ ಆ ಬೀದಿ ಎರಡೂ ಕಡೆಗೆ ತೆರೆದಿತ್ತು.

"ರೀ, ಪೊಲೀಸ್ನೋರು ಹಿಡಿದ್ರೆ ಯಾರಾದ್ರೂ ನಗ್ತಾರಾ?" ಎಂದಳು ಸುಮಿತ್ರಾ. ನಾವು ತಲುಪುವಷ್ಟರಲ್ಲಿ ಹೆಸರಿಟ್ಟು ಆಗಿತ್ತು.

ಸೋಮವಾರ ನಮ್ಮ ಮುಖ್ಯಸ್ಥ ರಾಮನಾಥನ್ ಅವರಿಗೆ ವಿಷಯ ಹೇಳಿದೆ. ಗುರುವಾರವೇ ನಮ್ಮ ಪರೀಕ್ಷೆ. ಒಬ್ಬ ಟ್ಯಾಕ್ಸಿ ಮಾಲೀಕರು ಪೆಟ್ಟಿಗೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನಮ್ಮ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಬೇರೆ ಕೆಲಸ ಹುಡುಕಿಕೊಳ್ಳಬೇಕು.

"ದಾರಿ ಗೊತ್ತಿರುವವರೇ ಇಲ್ಲಿ ತುಂಬಿದ್ದಾರೆ. ಅವರಿಗೆ ಕಾಣದ್ದು ನಿಮಗೆ ಕಂಡಿತೇ?" ಎಂದು ರಾಮನಾಥನ್ ತಮಿಳಿನಲ್ಲಿ ಕೇಳಿದರು.

"ದಾರಿ ಗೊತ್ತಿರುವವರು ಆ ಕಡೆ ಯಾಕೆ ಹೋಗುತ್ತಾರೆ ಸಾರ್?" ಎಂದು ನಾನೂ ನನ್ನ ಹರಕುಮುರುಕು ತಮಿಳಿನಲ್ಲಿ ಹೇಳಿದೆ.

ಅವರು ಕಂಪ್ಯೂಟರಿನಲ್ಲಿ ಆ ಬೀದಿಯನ್ನು ತೆರೆದು ನೋಡಿದರು. ಬದಲಾಯಿಸಿ, ತಪ್ಪಾದರೆ ಹೊಣೆ ನಿಮ್ಮದು ಎಂದರು.

ಗುರುವಾರ ಮಾಲೀಕರು ಬಂದು, ಪೆಟ್ಟಿಗೆಯನ್ನು ತಮ್ಮದೊಂದು ಟ್ಯಾಕ್ಸಿಯಲ್ಲಿ ಕೂರಿಸಿ ಒಂದೇ ಷರತ್ತು ಹಾಕಿದರು. ಪೆಟ್ಟಿಗೆ ಹೇಳಿದಂತೆಯೇ ಎಗ್ಮೋರ್ ಸ್ಟೇಷನ್ ಸೇರಬೇಕು, ಡ್ರೈವರ್ ಸೆಲ್ವಂ ಸ್ವಂತ ಬುದ್ಧಿ ಓಡಿಸಕೂಡದು. ಪೆಟ್ಟಿಗೆ ಆಗಾಗ ಮಂಕಾಗುತ್ತಿತ್ತು. ಅದನ್ನು ಆರಿಸಿ ಹಚ್ಚಲು ನನ್ನನ್ನೂ ಹಿಂದೆ ರಾಮನಾಥನ್ ಪಕ್ಕದಲ್ಲಿ ಕೂರಿಸಿದರು. ಎಗ್ಮೋರ್ ಹತ್ತಿರವಾದಂತೆ ನನಗೆ ಅನುಮಾನ ಶುರುವಾಯಿತು. ಅಂದು ಸಿಕ್ಕಿಬಿದ್ದದ್ದು ಈ ಬೀದಿಯಲ್ಲೋ ಪಕ್ಕದ್ದರಲ್ಲೋ? ಎಲ್ಲ ಬೀದಿಗಳೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ನನ್ನ ಮಾತು ನಂಬಿ ನಕ್ಷೆ ಬದಲಾಯಿಸಲು ಬಿಟ್ಟರಲ್ಲ ಎಂದು ರಾಮನಾಥನ್ ಮೇಲೆ ನನಗೇ ಸಿಟ್ಟು ಬಂತು.

ಪೆಟ್ಟಿಗೆಯೊಳಗಿನ ಹೆಂಗಸು ಎಡಕ್ಕೆ ತಿರುಗಿ ಎಂದಳು.

"ನೇರಾ ಪೋನಾ ಸ್ಟೇಷನ್ ಸಾರ್. ಇದು ಎದುಕ್ಕು ಸುತ್ತಣಂ?" ಎಂದು ಸೆಲ್ವಂ ಗೊಣಗಿದ. ನೇರ ಹೋದರೆ ಸ್ಟೇಷನ್ನು, ಸುತ್ತುವುದು ಯಾಕೆ ಎಂದು ಅವನ ತಕರಾರು. ಮಾಲೀಕರು, ಅದು ಹೇಳಿದಂತೆ ಹೋಗು ಎಂದರು. ಅವನು ಎಡಕ್ಕೆ ತಿರುಗಿಸಿದ, ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಮಾಲೀಕರು ಕುತ್ತಿಗೆ ಹೊರಳಿಸಿ ಆ ನೇರ ಬೀದಿಯನ್ನೇ ನೋಡುತ್ತಿದ್ದರು. ಅಲ್ಲಿ ಹೊಸ ಬೋರ್ಡು, ಅದರ ಕೆಳಗೆ ಅದೇ ಪೊಲೀಸು, ಅವನ ಮುಂದೆ ಸಿಕ್ಕಿಬಿದ್ದ ಗಾಡಿಗಳ ಸಾಲು. ಸಾಲಿನ ಮೊದಲ ಗಾಡಿ ಮಾಲೀಕರದ್ದೇ ಇನ್ನೊಂದು ಟ್ಯಾಕ್ಸಿ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಸೆಲ್ವಂ ಅವರಿಗಿಂತ ಜೋರಾಗಿ ನಕ್ಕ. ನನಗೆ ಗಾಡಿಯ ಮೇಲೆ ಹತ್ತಿ ಕುಣಿಯುವಷ್ಟು ಆನಂದವಾಯಿತು. ಸ್ಟೇಷನ್ ತಲುಪುವ ಮೊದಲೇ ಅವರು ತಮ್ಮ ಎಲ್ಲ ಗಾಡಿಗೂ ಪೆಟ್ಟಿಗೆ ಹಾಕಿ ಎಂದುಬಿಟ್ಟರು. ಇದನ್ನು ಕಂಡುಹಿಡಿದದ್ದು ಹೇಗೆ ಎಂದೂ ಕೇಳಿದರು. ದಾರಿ ತಪ್ಪಿ ಎಂದೆ. ಹಾಗಾದರೆ ಈ ಮನುಷ್ಯ ತಪ್ಪದೆ ದಾರಿ ತಪ್ಪುತ್ತಿರಲಿ ಎಂದು ರಾಮನಾಥನ್‌ಗೆ ಹೇಳಿದರು.

ಅದು ಆಫೀಸಿನ ಆಜ್ಞೆಯೇ ಆಯಿತು. ಪ್ರತಿ ಶನಿವಾರ ನಾನು ಒಂದೊಂದು ಬಡಾವಣೆಗೆ ಹೋಗಿ ಕಳೆದುಹೋಗಬೇಕು, ಬದಲಾದದ್ದನ್ನು ನಕ್ಷೆಗೆ ಸೇರಿಸಬೇಕು. ಎದೆಯುಬ್ಬಿಸಿಕೊಂಡು ಮನೆಯಲ್ಲಿ ಹೇಳಿದೆ. "ಅಪ್ಪಾ, ಸೂಪರ್ ಪಾ" ಎಂದಳು ಕನ್ನಡ ಕೇಳಿ ತಮಿಳಿನಲ್ಲಿ ಉತ್ತರಿಸುವ ಮಗಳು. "ಇಷ್ಟು ವರ್ಷ ಪುಕ್ಕಟೆ ಮಾಡ್ತಿದ್ರಿ, ಈಗ ಪೆಟ್ರೋಲಾದ್ರೂ ಕೊಡ್ತಾರಲ್ಲ" ಎಂದಳು ಸುಮಿತ್ರಾ.

ಮೊದಲ ಶನಿವಾರ ಉತ್ಸಾಹದಿಂದ ಹೊರಟೆ. ಕೈ ಹೋದ ಕಡೆ ತಿರುಗಿಸಿದೆ, ಹೆಸರೇ ಕೇಳದ ಗಲ್ಲಿಗಳಿಗೆ ಬೇಕೆಂದೇ ನುಗ್ಗಿದೆ. ಏನು ಮಾಡಿದರೂ ಪ್ರತಿ ಗಲ್ಲಿಯೂ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ರಸ್ತೆಗೇ ತಂದು ಬಿಡುತ್ತಿತ್ತು. ಯಾರನ್ನೂ ಒಂದು ಮಾತು ಕೇಳದೆ ಸರಾಗವಾಗಿ ಮನೆ ಮುಟ್ಟಿದೆ.

ಬಾಗಿಲು ತೆರೆದ ಸುಮಿತ್ರಾ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ರೀ, ಹುಷಾರಿಲ್ವಾ?" ಎಂದಳು.

ಸೋಮವಾರ ಯಾವ ಮುಖ ಇಟ್ಟುಕೊಂಡು ಆಫೀಸಿಗೆ ಹೋಗಲಿ?